ಮೂರು ದಿನಕ್ಕೆ ತಂದ ರೇಡಿಯೊ

ಅನುಮಾನ ಶುರುವಾದದ್ದು ಅಂಗಿಯ ಬೆನ್ನಿನಿಂದ.

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದವಳು ಅವಳು. ಅಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆಯ ಹೊದಿಕೆಯೊಂದನ್ನು ಬಿಡಿಸಿ ನೋಡಿದರೆ ಸಾಕು, ರೋಗಿ ಕುಳಿತೇ ರಾತ್ರಿ ಕಳೆದನೋ ಮಗ್ಗುಲು ಬದಲಿಸುತ್ತ ಮಲಗಿದ್ದನೋ ಹೇಳಬಲ್ಲಳು. ಅಂಥವಳ ಕಣ್ಣಿಗೆ, ಶುಕ್ರವಾರ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಗಂಡನ ಅಂಗಿ ಬೀಳದೆ ಇರುತ್ತದೆಯೇ? ಇಡೀ ದಿನ ಲಾರಿ ಓಡಿಸಿದವನ ಅಂಗಿ ಬೆವರಿಗೆ ಬೆನ್ನಿಗಂಟಿ ಉದ್ದುದ್ದ ಸುಕ್ಕಾಗಿರಬೇಕು. ಇವನ ಅಂಗಿಯ ನೆರಿಗೆಗಳು ಅಡ್ಡಡ್ಡ ಇದ್ದವು. ಚೆನ್ನಾಗಿ ನಿದ್ದೆ ಮಾಡಿ ಎದ್ದವರ ನೆರಿಗೆಗಳು.

ಎಲ್ಲಿ ಮಲಗಿದ್ದ? ಯಾರ ಮನೆಯಲ್ಲಿ?

ಆ ವಾರ ಅದನ್ನು ತಿಳಿಯಲೇಬೇಕಾದ ಇನ್ನೊಂದು ಕಾರಣವಿತ್ತು. ಬಟ್ಟೆ ಕೋಣೆಯ ಮೇಲ್ವಿಚಾರಕಿಯ ಕೆಲಸ ಖಾಲಿಯಾಗಿತ್ತು. ಅದನ್ನು ಅವಳಿಗೇ ಕೊಡುತ್ತೇವೆಂದಿದ್ದರು. ಷರತ್ತು ಒಂದೇ, ಶುಕ್ರವಾರ ಮಧ್ಯಾಹ್ನ ಮೂರರಿಂದ ಎಂಟರವರೆಗೆ ವಾರದ ಬಟ್ಟೆಯನ್ನೆಲ್ಲ ನಿಂತು ಎಣಿಸಿ ಒಳಗಿಡಿಸಬೇಕು. ಉಳಿದ ದಿನ ಸಂಜೆ ನಾಲ್ಕಕ್ಕೇ ಬಿಡುವು. ಉತ್ತರ ಹೇಳಲು ಶನಿವಾರ ಬೆಳಿಗ್ಗೆಯವರೆಗೆ ಸಮಯ. ಆದರೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಸೊಂಟ ಮುರಿದುಕೊಂಡು ಕೋಲು ಹಿಡಿದಿರುವ ಅತ್ತೆ. ಅತ್ತೆಯನ್ನು ಶುಕ್ರವಾರವೇ ವ್ಯಾಯಾಮದ ಡಾಕ್ಟರ ಹತ್ತಿರ ಕರೆದೊಯ್ಯಬೇಕು.

"ಆವತ್ತೊಂದು ದಿನ ನೀವು ಬೇಗ ಬಂದ್ರೆ ಆಗುತ್ತೆ," ಎಂದು ಗಂಡನನ್ನು ಕೇಳಿದ್ದಳು.

"ರಸ್ತೆ ಏನು ನಮ್ಮಪ್ಪಂದಾ? ಒಂಬತ್ತಕ್ಕೆ ಮುಂಚೆ ಆಗೋ ಮಾತೇ ಇಲ್ಲ," ಎಂದಿದ್ದ ಅವನು, ತಟ್ಟೆಯಿಂದ ತಲೆಯೆತ್ತದೆ.

ಗುರುವಾರ ಕೆಲಸ ಮುಗಿಸಿ ಅವಳು ನೇರ ಚಿಕ್ಕಪ್ಪನ ಅಂಗಡಿಗೆ ಹೋದಳು. ಚಿಕ್ಕಪ್ಪ ಗಾಡಿಗಳ ವೈರಿಂಗ್ ಮಾಡುವವನು. ಲಾರಿಯವರು ದಾರಿಯಲ್ಲಿ ಒಬ್ಬರಿಗೊಬ್ಬರು ಮಾತಾಡುವ ಸಿ.ಬಿ. ರೇಡಿಯೊಗಳನ್ನೂ ರಿಪೇರಿ ಮಾಡುತ್ತಿದ್ದ.

"ಚಿಕ್ಕಪ್ಪಾ, ಒಂದನ್ನ ಮೂರು ದಿನದ ಮಟ್ಟಿಗೆ ನನ್ನ ಕಾರಿಗೆ ಹಾಕಿಕೊಡು."

ಚಿಕ್ಕಪ್ಪ ಕನ್ನಡಕದ ಮೇಲಿನಿಂದ ನೋಡಿದ. "ಯಾಕಮ್ಮಾ, ಲಾರಿ ತಗೊಂಡ್ಯಾ?"

"ಅವರು ಊರ ಹತ್ರ ಬಂದಿದ್ದು ಗೊತ್ತಾದ್ರೆ ಊಟ ಬಿಸಿ ಮಾಡಿಡಬಹುದು."

"ಅದಕ್ಕೆ ಫೋನಿದೆಯಲ್ಲ."

"ಫೋನಲ್ಲಿ ಗೊತ್ತಾಗಲ್ಲ."

ಚಿಕ್ಕಪ್ಪ ಕಪಾಟಿನಿಂದ ಒಂದು ರೇಡಿಯೊ ಪೆಟ್ಟಿಗೆ ಇಳಿಸಿದ. ಕಾರಿಗೆ ಒಂದು ತೂತೂ ಕೊರೆಯಲಿಲ್ಲ. ಅಯಸ್ಕಾಂತದ ಬುಡದ ಆಂಟೆನಾವನ್ನು ಮೇಲ್ಛಾವಣಿಯ ನಡುವೆ ಕೂರಿಸಿದ. ಅದು ಟಪ್ಪೆಂದು ಕಚ್ಚಿಕೊಂಡಿತು. ಅದರ ವೈರನ್ನು ಬಾಗಿಲ ರಬ್ಬರಿನ ಸಂದಿಯಿಂದ ಒಳಗೆಳೆದ. ಸಿಗರೇಟು ಹಚ್ಚುವ ತೂತಿನಿಂದ ಕರೆಂಟು ಕೊಟ್ಟ. ಪೆಟ್ಟಿಗೆಯನ್ನು ಗೇರಿನ ಪಕ್ಕ ಪಟ್ಟಿ ಸುತ್ತಿ ಬಿಗಿದ. ಮೈಕನ್ನು ನೇತುಹಾಕಲು ಜಾಗ ಸಿಗದೆ ಅವಳ ಕೈಗೇ ಕೊಟ್ಟ.

"ಗುಂಡಿ ಒತ್ತಿದ್ರೆ ಮಾತು, ಬಿಟ್ರೆ ಕೇಳೋದು. ಹತ್ತೊಂಬತ್ತನೇ ಚಾನೆಲ್‌ನಲ್ಲಿ ಇಟ್ಟಿದೀನಿ, ಎಲ್ಲಾ ಅದರಲ್ಲೇ ಹರಟೋದು. ಆಂಟೆನಾ ಕಿತ್ತು ಮಾತಾಡ್ಬೇಡ, ಸುಟ್ಟುಹೋಗುತ್ತೆ. ಶನಿವಾರ ಮಧ್ಯಾಹ್ನ ಗಿರಾಕಿ ಬರ್ತಾನೆ, ಅಷ್ಟರಲ್ಲಿ ತಂದುಬಿಡು."

"ಎಷ್ಟು ದೂರದ್ದು ಕೇಳಿಸುತ್ತೆ?"

"ಊರೊಳಗೆ ಐದಾರು ಕಿಲೋಮೀಟರ್ ಇಟ್ಕೋ. ಅದಕ್ಕಿಂತ ಆಚೆ ಇದ್ರೆ ಬರೀ ಸುಯ್ ಅಂತಿರುತ್ತೆ." ಕಾರಿನ ಬಾಗಿಲು ಮುಚ್ಚುತ್ತ ಹೇಳಿದ, "ಕೇಳಬಾರದ್ದು ಕೇಳಿಸಿದ್ರೆ ನನ್ನನ್ನ ಬೈಬೇಡ."

ಮರುದಿನ, ಎಲ್ಲ ಶುಕ್ರವಾರಗಳಂತೆ ಅರ್ಧ ದಿನದ ರಜೆ ಹಾಕಿ, ಅತ್ತೆಯನ್ನು ಡಾಕ್ಟರ ಕೋಣೆಯೊಳಗೆ ಬಿಟ್ಟು, ಅವಳು ಕಾರಲ್ಲಿ ಕುಳಿತಳು. ಮುಕ್ಕಾಲು ಗಂಟೆ ಸಿಗುತ್ತಿತ್ತು. ಬೇರೆ ಶುಕ್ರವಾರಗಳಲ್ಲಿ ಆ ಹೊತ್ತಿನಲ್ಲಿ ಮಕ್ಕಳ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಇವತ್ತು ಸೂಜಿ ದಾರ ಬಿಟ್ಟು ರೇಡಿಯೊ ಹಾಕಿದಳು. ಮೂರೂಮುಕ್ಕಾಲಿಗೆ ಗಂಡನಿಗೆ ಫೋನ್ ಮಾಡಿದಳು.

"ಎಲ್ಲಿದ್ದೀರಾ?"

"ಇನ್ನೂ ನೂರೈವತ್ತು ಕಿಲೋಮೀಟರ್ ಇದೆ ಮಾರಾಯ್ತಿ. ಸುಸ್ತಾಗಿ ಸತ್ತೋಗಿದೀನಿ. ಇಡ್ತೀನಿ, ಸ್ಟೇರಿಂಗ್ ಮೇಲೆ ಕೈಯಿದೆ."

ಅವನ ಹಿಂದೆ ಇಂಜಿನ್ ಸದ್ದಿರಲಿಲ್ಲ. ಫ್ಯಾನ್ ತಿರುಗುವ ಸದ್ದಿತ್ತೇ? ಅವಳು ಕಿವಿಗೆ ಫೋನ್ ಒತ್ತಿಹಿಡಿದಳು. ಅಷ್ಟರಲ್ಲಿ ಕರೆ ಕಡಿದಿತ್ತು.

ಅತ್ತೆ ಕೋಲೂರುತ್ತ ಬಂದು ಹಿಂದಿನ ಸೀಟಿಗೆ ಕುಸಿದರು. "ಇದೇನೇ ಇದು, ಬುಸುಗುಡ್ತಾ ಇದೆ? ಕಾರಿಗೆ ಉಬ್ಬಸ ಬಂತಾ?"

"ರೇಡಿಯೊ ಅತ್ತೆ."

"ಹಾಡಾದ್ರೂ ಹಾಕಬಾರದಾ."

ಆಗ ಆ ಸುಯ್ಯೆನ್ನುವ ಸದ್ದನ್ನು ಸೀಳಿಕೊಂಡು ಯಾವನೋ ಡ್ರೈವರ್ ಮಾತಾಡಿದ. "ಏಯ್ ಮೀಸೆ, ಲಾರಿ ಯಾರ್ಡ್ ಪಕ್ಕ ಹೋಗ್ತಾ ಇದೀನಿ, ನಿನ್ನ ಲಾರಿ ಕಾಣ್ತಿದೆ. ಮನೆಗೆ ಹೋಗಲ್ವೇನೋ?"

ಉತ್ತರ ಅವಳ ಗಂಡನ ದನಿಯಲ್ಲೇ, ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. "ಎರಡೂವರೆಗೇ ಬಂದೆ ಕಣೋ. ರೆಸ್ಟ್ ರೂಮಲ್ಲಿ ಒಂದು ಒಳ್ಳೇ ನಿದ್ದೆ ಆಯ್ತು. ಈಗಷ್ಟೇ ಬಂದು ಲಾರಿಯಲ್ಲಿ ಕೂತೆ. ಈಗ್ಲೇ ಹೋದ್ರೆ ಅಮ್ಮನ್ನ ಹತ್ತಿಸು, ಇಳಿಸು, ಮಕ್ಕಳಿಗೆ ಸ್ನಾನ ಮಾಡಿಸು, ಪಾಠ ಹೇಳು, ಬಟ್ಟೆ ಮಡಚು. ಒಂಬತ್ತಕ್ಕೆ ಹೋದ್ರೆ ನೇರ ತಟ್ಟೆ ಮುಂದೆ. ಆರು ವರ್ಷದಿಂದ ಇದೇ ಟೈಮ್‌ಟೇಬಲ್."

"ಹುಷಾರು ಕಣಪ್ಪಾ ನೀನು," ಎಂದು ಆ ಕಡೆಯವನು ನಕ್ಕ.

ಹೆಂಗಸೊಬ್ಬಳಿಲ್ಲವೆಂದು ಅವಳಿಗೆ ಎದೆ ಹಗುರಾದದ್ದು ಒಂದೇ ಒಂದು ಕ್ಷಣ. ಹೆಂಗಸಿದ್ದಿದ್ದರೆ ಜಗಳವಾಡಬಹುದಿತ್ತು, ಅತ್ತು ರಂಪ ಮಾಡಬಹುದಿತ್ತು, ನೆಂಟರನ್ನು ಕೂಡಿಸಬಹುದಿತ್ತು. ಪಾತ್ರೆ ರಾಶಿಗೆ ಹೆದರಿ ಬಚ್ಚಿಟ್ಟುಕೊಂಡ ಗಂಡನ ಬಗ್ಗೆ ಯಾರ ಮುಂದೆ ದೂರು ಹೇಳುವುದು? ಆರು ವರ್ಷದ ಶುಕ್ರವಾರಗಳು. "ಪಾಪ, ದಣಿದು ಬಂದಿದ್ದಾರೆ" ಎಂದು ಅವನ ಕಾಲಿಗೆ ಬಿಸಿನೀರು ಇಟ್ಟುಕೊಟ್ಟ ಶುಕ್ರವಾರಗಳು.

ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದಳು. ಮಗನ ಪರ ವಾದಿಸಲು ಬಾಯಿ ತೆರೆಯುತ್ತಾರೆಂದುಕೊಂಡಳು.

ಅತ್ತೆ ಕೋಲಿನ ಹಿಡಿಯನ್ನು ಸವರುತ್ತಿದ್ದರು. "ಅವರಪ್ಪನೂ ಹಿಂಗೇ," ಎಂದರು. "ಪಾತ್ರೆ ಸದ್ದು ನಿಂತ ಮೇಲೇ ಒಳಗೆ ಬರ್ತಿದ್ದಿದ್ದು. ದೇಶದ ಚಿಂತೆ ಮಾಡ್ತಾ ಜಗಲಿ ಮೇಲೆ ಕೂತಿರ್ತಿದ್ರು." ಮೈಕಿನ ಕಡೆ ಗಲ್ಲ ತೋರಿಸಿದರು. "ಅದರಲ್ಲಿ ನಾವು ಮಾತಾಡಿದ್ರೆ ಅವನಿಗೆ ಕೇಳುತ್ತಾ?"

"ಎಲ್ಲರಿಗೂ ಕೇಳುತ್ತೆ."

"ಮತ್ತೇನು ನೋಡ್ತಿದ್ದೀಯಾ."

ಅವಳು ಗುಂಡಿ ಒತ್ತಿದಳು.

"ಮೀಸೆಯವರಿಗೆ ಹೇಳೋದು. ನಾನು ಅವರ ಮನೆಯವಳು ಮಾತಾಡ್ತಿರೋದು. ಅಮ್ಮನ್ನ ಕಾರಿಗೆ ಹತ್ತಿಸಿ ಆಯ್ತು. ಐದಕ್ಕೆ ಮಕ್ಕಳನ್ನ ಶಾಲೆಯಿಂದ ಕರ್ಕೊಂಡು ಬರಬೇಕು. ಚಿಕ್ಕವನ ಉಗುರು ಕತ್ತರಿಸಬೇಕು, ಅವನು ಕಿರುಚ್ತಾನೆ, ನಿದ್ದೆ ಬಂದಾಗ ಕತ್ತರಿಸೋದು. ದೊಡ್ಡವಳು ಮಗ್ಗಿ ಹೇಳುವಾಗ ಎಂಟರದ್ದನ್ನ ಹಾರಿಸ್ತಾಳೆ, ನಿಲ್ಲಿಸಿ ಹೇಳಿಸಬೇಕು. ಹಗ್ಗದ ಮೇಲೆ ಎರಡು ಬಕೆಟ್ ಬಟ್ಟೆ ಇದೆ. ಅಮ್ಮನ ಮಾತ್ರೆ ಊಟಕ್ಕೆ ಮುಂಚೆ ಬಿಳಿದು, ಆಮೇಲೆ ಹಳದಿದು..."

ನಡುವೆ ಯಾರೂ ಬಾಯಿ ಹಾಕಲಿಲ್ಲ. ಹಾಕಿದ್ದರೂ ಅವಳಿಗೆ ಕೇಳಿಸುವಂತಿರಲಿಲ್ಲ. ಗುಂಡಿ ಅವಳ ಬೆರಳಡಿಯಲ್ಲಿತ್ತು. ಮದುವೆಯಾದ ಮೇಲೆ ಒಂದು ಮಾತನ್ನು ಹೀಗೆ ಕೊನೆಮುಟ್ಟಿಸಿದ ನೆನಪು ಅವಳಿಗಿರಲಿಲ್ಲ.

"ಇವತ್ತು ಇಷ್ಟನ್ನೂ ನೀವು ಮಾಡ್ತೀರಿ. ಮುಂದಿನ ಶುಕ್ರವಾರದಿಂದ ಅಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋದೂ ನಿಮ್ಮದೇ. ನನಗೆ ಕೆಲಸ ಇದೆ."

ಬೆರಳು ತೆಗೆದಳು. ಆಮೇಲೆ ಒಬ್ಬ ಹೇಳಿದ, "ಮೀಸೆ, ಬಿಳಿದು ಮೊದಲು ಕಣೋ, ಹಳದಿ ಆಮೇಲೆ." ಇನ್ನೊಬ್ಬ ಬೇಡಿಕೊಂಡ, "ಅಕ್ಕಾ, ಈ ಪೆಟ್ಟಿಗೆ ಎಲ್ಲಿ ಸಿಗುತ್ತೆ ಅಂತ ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ."

ಮೀಸೆಯ ದನಿ ಬರಲಿಲ್ಲ. ಅದೂ ಅವಳಿಗೆ ಅನುಮಾನವೇ. ಲಾರಿ ಸ್ಟಾರ್ಟ್ ಮಾಡುತ್ತಿದ್ದಾನೋ, ಇನ್ನೊಂದು ಸುಳ್ಳು ಹೊಂದಿಸುತ್ತಿದ್ದಾನೋ. ಕಾದು ನೋಡಲು ಅವಳಿಗೆ ವ್ಯವಧಾನವಿರಲಿಲ್ಲ. ಕಾರನ್ನು ಮನೆಯ ಕಡೆಗಲ್ಲ, ಆಸ್ಪತ್ರೆಯ ಕಡೆ ತಿರುಗಿಸಿದಳು. ಕಚೇರಿ ಇನ್ನೂ ತೆರೆದಿತ್ತು.

"ಶನಿವಾರದವರೆಗೆ ಟೈಮ್ ಇತ್ತಲ್ಲ," ಎಂದರು ಮ್ಯಾನೇಜರ್ ಮೇಡಂ. "ಶುಕ್ರವಾರ ಸಂಜೆ ಮನೇಲಿ ಯಾರಿರ್ತಾರೆ? ಆಮೇಲೆ ಮಕ್ಕಳು, ಅತ್ತೆ ಅಂತ ರಜೆ ಕೇಳಬಾರದು."

"ನಮ್ಮ ಮನೆಯವರು ಇರ್ತಾರೆ ಮೇಡಂ."

"ಅವರು ಬರೋದು ಒಂಬತ್ತಕ್ಕೆ ಅಂತಿದ್ರಿ?"

"ಎರಡೂವರೆಗೇ ಬರ್ತಾರಂತೆ," ಎಂದು ಅವಳು ಪೆನ್ನಿಗೆ ಕೈಚಾಚಿದಳು. "ಅವರ ಬಾಯಿಂದಲೇ ಕೇಳಿದೆ."