ಎರಡನೆಯ ಪ್ರೊಸೆಸರ್

ನಾಗಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ವಾಯುಪಡೆಯಲ್ಲಿರುವ ಗಂಡನಿಗೆ ಇಲ್ಲಿಗೆ ವರ್ಗವಾದಾಗ ಧಾರವಾಡದಿಂದ ಬಂದು ಸೇರಿಕೊಂಡೆ. ರೋಗಿಗಳ ನೋಂದಣಿ, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಎಲ್ಲವೂ ಒಂದೇ ದೊಡ್ಡ ಸರ್ವರ್ ಮೇಲೆ ನಡೆಯುತ್ತಿದ್ದವು. ಕಳೆದ ಬೇಸಿಗೆಯಲ್ಲಿ ಅದು ಇದ್ದಕ್ಕಿದ್ದಂತೆ ಸ್ಥಗಿತಗೊಂಡು, ತಾನೇ ಮತ್ತೆ ಶುರುವಾಗತೊಡಗಿತು.

ಹಾಗೆ ನಿಂತಾಗಲೆಲ್ಲ ಕೆಳಗಿನ ಕೌಂಟರಿನಲ್ಲಿ ಗಲಾಟೆ. ಒಂದು ದಿನ ಕಳಮನಾ ಮಾರುಕಟ್ಟೆಯ ಹಮಾಲನೊಬ್ಬ ಮುರಿದ ಕೈ ಹಿಡಿದುಕೊಂಡು ಕೂತಿದ್ದ. ಎಕ್ಸ್‌ರೇ ತೆಗೆದಾಗಿತ್ತು, ಡಾಕ್ಟರ ಪರದೆಯ ಮೇಲೆ ಬರುತ್ತಿರಲಿಲ್ಲ. ಅವನ ಹೆಂಡತಿ ನನ್ನನ್ನು ತಡೆದು, "ತಾಈ, ಅಜೂನ್ ಕಿತೀ ವೇಳ್?" ಎಂದಳು. ಇನ್ನೆಷ್ಟು ಹೊತ್ತೆಂದು ನನಗೇ ಗೊತ್ತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಮಾತ್ರ ಎಲ್ಲ ಗೊತ್ತಿತ್ತು. ಏನನ್ನೂ ನೋಡದೆ, ವರದಿಗಳ ಹೊಸ ಪ್ರೋಗ್ರಾಮಿನದೇ ತಪ್ಪು ಎಂದು ಆಸ್ಪತ್ರೆಯ ಎಲ್ಲ ವಿಭಾಗಗಳಿಗೂ ಮೇಲ್ ಕಳಿಸಿಬಿಟ್ಟರು. ಅದನ್ನು ಬರೆದವಳು ಮೈಸೂರಿನಿಂದ ಬಂದು ಹೊಸದಾಗಿ ಸೇರಿದ್ದ ಹುಡುಗಿ. ವಿಭಾಗದಲ್ಲಿ ಕನ್ನಡದವರೆಂದರೆ ನಾವಿಬ್ಬರೇ.

"ಅಕ್ಕ, ಮತ್ತೆ ಮತ್ತೆ ನೋಡಿದೆ, ನನ್ ಕೋಡಲ್ಲಿ ಏನೂ ಕಾಣ್ತಿಲ್ಲ" ಎಂದಳು. ಮುಖ ಬಾಡಿತ್ತು.

"ನಿಂದಲ್ಲ ಬಿಡವಾ. ನಿನ್ನ ಪ್ರೋಗ್ರಾಮ್ ಕೆಟ್ಟಿದ್ರ ಅದಷ್ಟ ಬೀಳತಿತ್ತು. ಇಲ್ಲಿ ಇಡೀ ಮಷಿನ್ನ ಬೀಳಾಕತ್ತೈತಿ."

ಇಂಥ ಯಂತ್ರಗಳು ತಮ್ಮೊಳಗಿನ ದೋಷಗಳನ್ನು ತಾವೇ ದಾಖಲಿಸಿಕೊಳ್ಳುತ್ತವೆ. ತೆಗೆದು ನೋಡಿದೆ. ಸರ್ವರಿನಲ್ಲಿ ಎರಡು ಪ್ರೊಸೆಸರ್‌ಗಳಿದ್ದವು. ಪ್ರತಿ ಸಲ ದೋಷ ಬಂದದ್ದು ಎರಡನೆಯದರಿಂದಲೇ. ಮೊದಲು ಚಿಕ್ಕ ಚಿಕ್ಕ ತಪ್ಪುಗಳು, ಅವನ್ನು ಅದು ತಾನೇ ಸರಿಮಾಡಿಕೊಳ್ಳುತ್ತಿತ್ತು. ಆಮೇಲೆ ಸರಿಮಾಡಿಕೊಳ್ಳಲಾಗದ ತಪ್ಪೊಂದು ಬಂದು ಇಡೀ ಯಂತ್ರ ಕುಸಿಯುತ್ತಿತ್ತು. ಅದನ್ನು ಮುಖ್ಯಸ್ಥರಿಗೆ ತೋರಿಸಿದರೆ, "ಮೇಡಂ, ಪ್ರೊಸೆಸರ್ ಕಭೀ ಖರಾಬ್ ನಹೀ ಹೋತಾ" ಎಂದು ನಕ್ಕರು. ಪ್ರೊಸೆಸರ್ ಕೆಡುವುದೇ ಇಲ್ಲವಂತೆ! ಆ ನಗು ಈಗ ನೆನೆದರೂ ಮೈ ಉರಿಯುತ್ತದೆ.

ಸರ್ವರ್ ಮಾರಿದ ಕಂಪನಿಯ ಎಂಜಿನಿಯರ್ ಬಂದ. ಮೆಮೊರಿ ಬದಲಿಸಿ ಹೋದ, ಮತ್ತೆ ಬಿತ್ತು. ಸರ್ವರ್ ಇರುವ ಕೋಣೆ ಬಿಸಿಯಾಗಿದೆ ಎಂದ. ಹೊರಗೆ ನಾಗಪುರದ ಬಿಸಿಲು ಸುಡುತ್ತಿದ್ದರೂ ಆ ಕೋಣೆಯಲ್ಲಿ ನಾನು ಶಾಲು ಹೊದ್ದು ಕೂರುತ್ತಿದ್ದೆ. ಕೊನೆಗೆ ಅವನೂ ಸಾಫ್ಟ್‌ವೇರಿನ ಮೇಲೆ ಹಾಕಿ ಕೈತೊಳೆದುಕೊಂಡ. ಮರುದಿನದ ಮೀಟಿಂಗಿನಲ್ಲಿ ಮುಖ್ಯಸ್ಥರು ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರ ಕ್ಷಮೆ ಕೇಳು ಎಂದರು. ಅವಳು ಕೇಳಿದಳು. ಮಾಡದ ತಪ್ಪಿಗೆ.

ನಾನು ಅಲ್ಲಿಂದ ಎದ್ದು ನೇರ ವೈದ್ಯಕೀಯ ಅಧೀಕ್ಷಕಿಯ ಕೋಣೆಗೆ ಹೋದೆ. ಎರಡೂ ಪ್ರೊಸೆಸರ್‌ಗಳನ್ನು ಅದಲುಬದಲು ಮಾಡಲು ಬಿಡಿ ಎಂದೆ. ದೋಷ ಹಳೆಯ ಜಾಗದಲ್ಲೇ ಉಳಿದರೆ ಬೋರ್ಡನ್ನೋ ಮೆಮೊರಿಯನ್ನೋ ಅನುಮಾನಿಸಬೇಕು, ಪ್ರೊಸೆಸರ್ ಜೊತೆ ದೋಷವೂ ಜಾಗ ಬದಲಿಸಿದರೆ ಕೆಟ್ಟಿರುವುದು ಪ್ರೊಸೆಸರೇ. ಆಕೆ ಕೇಳಿ, "ಭಾನುವಾರ ಮಾಡಿ. ಕಂಪನಿಯವನು ಎದುರಿಗಿರಲಿ" ಎಂದು ಹಿಂದಿಯಲ್ಲಿ ಹೇಳಿದರು.

ಭಾನುವಾರ ಎಂಜಿನಿಯರ್ ಗೊಣಗುತ್ತಲೇ ಬಂದು ಎರಡನ್ನೂ ಬಿಚ್ಚಿ, ಬಿಸಿ ಇಳಿಸಲು ಹಚ್ಚಿದ್ದ ಹಳೆಯ ಪೇಸ್ಟ್ ಒರೆಸಿ, ಜಾಗ ಬದಲಿಸಿ ಕೂರಿಸಿದ. ಆ ವಾರವೇ ಸರ್ವರ್ ಮತ್ತೆ ಬಿತ್ತು. ದಾಖಲೆಯಲ್ಲಿ ದೋಷ ಈಗ ಮೊದಲನೆಯ ಜಾಗಕ್ಕೆ ಬಂದಿತ್ತು. ಲ್ಯಾಪ್‌ಟಾಪ್ ಒಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ನೋಡಿ, "ಚಲೋ, ಬದಲ್ ದೇಂಗೇ. ಟೆನ್ಷನ್ ಖತಮ್" ಎಂದರು, ಪ್ರೊಸೆಸರ್ ಬದಲಿಸಿದರೆ ಎಲ್ಲ ಮುಗಿಯಿತು ಎಂಬಂತೆ.

"ಔರ್ ವೋ ಲಡ್ಕೀ?" ಆ ಹುಡುಗಿಯ ಕತೆಯೇನು ಎಂದು ಕೇಳಿದೆ.

"ಛೋಡಿಯೇ ನಾ ಮೇಡಂ."

ಬಿಟ್ಟುಬಿಡಿ ಎಂದರೂ ನಾನು ಬಿಡಲಿಲ್ಲ. ಅವರು ಯಾರ್‍ಯಾರಿಗೆ ಮೇಲ್ ಕಳಿಸಿದ್ದರೋ ಅವರಿಗೆಲ್ಲ ನಾನೇ ಬರೆದೆ: ಕೆಟ್ಟದ್ದು ಪ್ರೊಸೆಸರ್, ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ, ಆಕೆಯಿಂದ ಕ್ಷಮೆ ಕೇಳಿಸಿದ್ದು ಅನ್ಯಾಯ. ಮುಖ್ಯಸ್ಥರು ಕರೆಸಿ ಕೂಗಾಡಿದರು. ನಾನೂ ಕೂಗಾಡಿದೆ. ಹೊರಗಿದ್ದವರಿಗೆಲ್ಲ ಕೇಳಿಸಿತಂತೆ. ಕೇಳಿಸಲಿ.

ಹೊಸ ಪ್ರೊಸೆಸರ್ ಬಂದ ಮೇಲೆ ಸರ್ವರ್ ಒಮ್ಮೆಯೂ ನಿಂತಿಲ್ಲ. ಅಷ್ಟರಲ್ಲಿ ಹುಡುಗಿ ಪುಣೆಯಲ್ಲಿ ಬೇರೆ ಕೆಲಸ ಹಿಡಿದಿದ್ದಳು. ಹೊರಡುವ ದಿನ, "ನಿಮ್ ಮೇಲ್ ಓದಿ ನಮ್ಮಮ್ಮಂಗೂ ಕಳಿಸ್ದೆ ಅಕ್ಕ. ಆದ್ರೂ ಅಷ್ಟು ಜನರ ಮುಂದೆ ನಿಂತಿದ್ದು ಮರೆಯಕ್ಕಾಗ್ತಿಲ್ಲ" ಎಂದಳು.

"ಇನ್ನ ಸಾಕ್ ಮಾಡ, ಎಷ್ಟ್ ಸಿಟ್ಟು?" ಎನ್ನುತ್ತಾರೆ ಮನೆಯವರು. ಮುಖ್ಯಸ್ಥರು ಇಂದಿಗೂ ಅವಳ ಕ್ಷಮೆ ಕೇಳಿಲ್ಲ. ಮೀಟಿಂಗಿನಲ್ಲಿ ಪ್ರತಿ ಸಲ ನಾನು ಅದನ್ನು ಎತ್ತುತ್ತೇನೆ, ಅವರು ಪ್ರತಿ ಸಲ ಫೋನ್ ನೋಡಿಕೊಳ್ಳುತ್ತಾರೆ.