ನೀರು ಕುಡಿಯದ ಬಟ್ಟೆ

ಪೊಟ್ಟಣ ಬಿಚ್ಚಿದ ಕೂಡಲೇ ಹೊಸ ಬಕೆಟ್ಟಿನ ವಾಸನೆ ಬಂತು. ಅಂಗಡಿಯಿಂದ ಆಗಷ್ಟೇ ತಂದ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ತಲೆ ಹಾಕಿದರೆ ಮೂಗಿಗೆ ಅಡರುತ್ತದಲ್ಲ, ಅದೇ ವಾಸನೆ. ಒಳಗಿದ್ದದ್ದು ಮಾತ್ರ ಕೂಸಿಗೆ ಹೊದಿಸುವ ಕೌದಿ. ಅಕ್ಕನ ಮಗುವಿಗೆಂದು ಅಮ್ಮ ಆದೋನಿಯ ಬಟ್ಟೆ ಬಜಾರಿನಿಂದ ತಂದದ್ದು. ಅದರ ಮೂಲೆಗೆ ಸೆಣಬಿನ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ಒಂದು ಕಡೆ ಹಸಿರು ಎಲೆಯ ಚಿತ್ರ. ಇನ್ನೊಂದು ಕಡೆ ತೆಲುಗಿನಲ್ಲಿ ಒಂದು ಕಥೆ: ನಮ್ಮೂರಿನಲ್ಲಿ ಕೌದಿ ಹೊಲಿಯುವ ಒಬ್ಬ ಅಜ್ಜಿಯಿದ್ದಳು, ಪರಿಸರದ ಮೇಲಿನ ಪ್ರೀತಿಯಿಂದ ಆಕೆ ಪ್ಲಾಸ್ಟಿಕ್ ನೂಲಿನ ಬಟ್ಟೆಗೆ ಸೂಜಿ ತಾಗಿಸಲಿಲ್ಲ, ಓಣಿಯ ಹೆಂಗಸರೆಲ್ಲ ಆಕೆಯ ಬೆನ್ನಿಗೆ ನಿಂತರು, ಗ್ರಾಹಕಿಯರ ಮನಸ್ಸನ್ನು ಅರಿತ ನಮ್ಮ ಅಂಗಡಿ ಅಂದಿನಿಂದ...

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಾಳಿಯ ಮಾತಿನ ಗೋಡೆಯಲ್ಲಿ ಯಾವ ಇಟ್ಟಿಗೆ ಸಡಿಲವಾಗಿದೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಚೀಟಿಯಲ್ಲಿ ಗಟ್ಟಿಯಾದ ಇಟ್ಟಿಗೆ ಒಂದೇ. ಅಂಥ ಅಜ್ಜಿಯಿದ್ದಳು, ಅಷ್ಟು ನಿಜ. ಮಿಕ್ಕದ್ದು ನಿಜವಲ್ಲ. ಆಕೆಯ ಬಾಯಲ್ಲಿ ಪರಿಸರ ಎಂಬ ಮಾತು ಒಮ್ಮೆಯೂ ಬಂದದ್ದನ್ನು ನಾನು ಕೇಳಿಲ್ಲ. ಬೆನ್ನಿಗೆ ನಿಂತರಂತೆ! ಯಾರು ಎಲ್ಲಿ ನಿಂತಿದ್ದರು ಎಂಬುದು ನನಗೆ ಗೊತ್ತು. ನಾನೂ ಅಲ್ಲೇ ನಿಂತಿದ್ದೆ.

ನಮ್ಮ ಮನೆ ಆಂಧ್ರದ ಗಡಿಯ ಆದೋನಿಯಲ್ಲಿ, ಹತ್ತಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿತ್ತು. ಆಸ್ಪರಿ, ಗೋನೆಗಂಡ್ಲ ಕಡೆಯಿಂದ ಹತ್ತಿಯ ಟ್ರಾಕ್ಟರುಗಳು ಬಂದು ಸಾಲುಗಟ್ಟಿದವೆಂದರೆ ಓಣಿಯ ತುಂಬ ಅರಳೆ ಹಾರಾಡುತ್ತಿತ್ತು. ಸಾರಿನ ಪಾತ್ರೆಯಲ್ಲಿ ಅರಳೆ, ಎಣ್ಣೆ ಹಚ್ಚಿದ ತಲೆಯಲ್ಲಿ ಅರಳೆ. ಎದುರುಮನೆಯ ಕಟ್ಟೆಯ ಮೇಲೆ ಆಕೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದಳು. ಹೊಳಗುಂದದಿಂದ ಮದುವೆಯಾಗಿ ಬಂದವಳು. ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಗಂಡ ಇರಲಿಲ್ಲ. ಮಕ್ಕಳಂತೂ ಮೊದಲೇ ಇರಲಿಲ್ಲ. ಹಣೆಯ ತುಂಬ ವಿಭೂತಿ, ದವಡೆಯಲ್ಲಿ ಯಾವಾಗಲೂ ಎಲೆಅಡಿಕೆ. ಓಣಿಗೆಲ್ಲ ಆಕೆ ಕೌದಿ ಅವ್ವ. ತೆಲುಗು ಮನೆಯವರಿಗೆ ಬೊಂತ ಅವ್ವ. ಎರಡಕ್ಕೂ ಓಗೊಡುತ್ತಿದ್ದಳು.

ನಮ್ಮ ಕಡೆ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಅಜ್ಜಿಯೋ ತಾಯಿಯೋ ಉಟ್ಟುಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಪುಟ್ಟ ಕೌದಿಯೇ ಮೊದಲ ಹಾಸಿಗೆ. ಅವ್ವ ಅದನ್ನು ಹೊಲಿಯುವಾಗ ಕಡೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಒಣ ಜೋಳದ ರೊಟ್ಟಿ ಒಳಗಿಡುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಇಲಿ ಬರುವುದಿಲ್ಲವೇ ಎಂದು ನಾನು ವಾದ ಹೂಡಿದರೆ, "ಬಂದರ ಬರಲಿ, ಅದಕೂ ಹೊಟ್ಟಿ ಐತಿ" ಎನ್ನುತ್ತಿದ್ದಳು.

ನನ್ನ ತಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗ ಅಮ್ಮ ಒಂದು ಗಂಟು ಸೀರೆ ಹೊತ್ತುಕೊಂಡು ಆ ಕಟ್ಟೆಗೆ ಹೋದಳು. ನಾನು ಹಿಂದೆಯೇ ಹೋದೆ.

"ಅವ್ವಾ, ಕೂಸಿಗೊಂದು ಕೌದಿ ಆಗಬೇಕು."

ಅವ್ವ ಗಂಟು ಬಿಚ್ಚಿ, ಮೇಲಿನ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು, ಪಕ್ಕದ ತಂಬಿಗೆಯಿಂದ ಒಂದಿಷ್ಟು ನೀರು ಸುರಿದಳು. ನೀರು ಮಣಿಮಣಿಯಾಗಿ ಉರುಳಿಕೊಂಡು ಬಂದು ನನ್ನ ಕಾಲಿನ ಮೇಲೆ ಬಿತ್ತು. ಎರಡನೆಯ ಸೀರೆ, ಮೂರನೆಯದು... ಎಲ್ಲದರದ್ದೂ ಅದೇ ಹಣೆಬರಹ.

"ನೋಡಿದೇನು? ಇದು ನೀರು ಕುಡಿಯಂಗಿಲ್ಲ. ನಿನ್ನ ಕೂಸು ಉಚ್ಚಿ ಹೊಯ್ದರ ಎಲ್ಲಿಗೆ ಹೋಗಬೇಕು, ಕೆರಿಗೇನು?"

"ಎಲ್ಲಾ ಚಲೋ ಸೀರೀನ ಅದಾವಲ್ಲವ್ವಾ..."

"ಇದು ಸೀರಿ ಅಲ್ಲ, ತಾಡಪತ್ರಿ. ಒಯ್ದು ಹತ್ತಿ ಲಾರಿಗೆ ಹೊದಿಸು. ಮಳಿ ಬಂದರೂ ಒಳಗ ಇಳಿಯಂಗಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬಂದು ಅಲಮಾರು ತೆರೆದು ನೋಡಿದರೆ ತಾಡಪತ್ರಿಯಲ್ಲದ ಸೀರೆ ಒಂದೂ ಇರಲಿಲ್ಲ.

'ಕೊಳ್ಳುವ ಹೆಂಗಸು ಮನಸ್ಸು ಮಾಡಿದರೆ ಮಾರುಕಟ್ಟೆ ಬದಲಾಗುತ್ತದೆ' ಎಂಬ ವಿಷಯದ ಮೇಲೆ ನಾನು ಪರವಾಗಿಯೂ ಮಾತಾಡಿದ್ದೇನೆ, ವಿರೋಧವಾಗಿಯೂ ಮಾತಾಡಿದ್ದೇನೆ. ಆ ವಾಕ್ಯ ಬರೆದವರಿಗೆ ಅಮ್ಮನ ಅಲಮಾರನ್ನು ತೋರಿಸಬೇಕು. ಆ ಸೀರೆಗಳಲ್ಲಿ ಅಮ್ಮ ತಾನಾಗಿ ಆರಿಸಿದ್ದು ಎಷ್ಟು? ನಾದಿನಿಯ ಮದುವೆಯಲ್ಲಿ ಮುಯ್ಯಿ ಬಂದದ್ದು, ಗೃಹಪ್ರವೇಶದಲ್ಲಿ ಉಡಿ ತುಂಬಿದ್ದು, ಉಗಾದಿಗೆ ಅಪ್ಪನ ಸಾವ್ಕಾರರು ಕೊಟ್ಟದ್ದು. ನಮ್ಮಲ್ಲಿ ಉಡುವ ಸೀರೆ ಬೇರೆ, ಕೊಡುವ ಸೀರೆ ಬೇರೆ. ಕೊಡುವ ಸೀರೆ ಮಿಂಚಬೇಕು, ಅಗ್ಗವಾಗಿರಬೇಕು. ಅದು ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಇನ್ನೊಂದಕ್ಕೆ ಮಡಿಕೆ ಬಿಚ್ಚದೆ ತಿರುಗುತ್ತದೆ. ಅದನ್ನು ಕೊಂಡವಳು ಉಡಲಿಲ್ಲ, ಉಟ್ಟವಳು ಕೊಳ್ಳಲಿಲ್ಲ. ಇದರಲ್ಲಿ ಗ್ರಾಹಕಿ ಯಾರು, ಹೇಳಿ?

ಇಷ್ಟಾದರೂ ಅಮ್ಮ ಹಟ ಬಿಡಲಿಲ್ಲ. ಹತ್ತಿ ನೂಲಿನ ಎರಡು ಹೊಸ ಸೀರೆ ತಂದಳು. ಹೊಸ ಸೀರೆಯನ್ನು ಅವ್ವ ಮುಟ್ಟುವುದಿಲ್ಲ, ಹಳೆಯದಾಗಬೇಕು. ಕೂಸು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೆ ಓಣಿಯ ಹೆಂಗಸರು ಒಂದು ಉಪಾಯ ತೆಗೆದರು. ಆ ಸೀರೆಗಳನ್ನು ಸರದಿಯ ಮೇಲೆ ಎಲ್ಲರೂ ಉಡುವುದು. ಇವತ್ತು ಅಮ್ಮ ಉಟ್ಟರೆ ನಾಳೆ ಪಕ್ಕದ ಮನೆಯವಳು, ನಾಡಿದ್ದು ಜಿನ್ನಿಂಗ್ ಮಿಲ್ಲಿಗೆ ಹೋಗುವವಳು. ದಿನಾ ಕಲ್ಲಿನ ಮೇಲೆ ಬಡಿದು ಒಗೆಯುವುದು. ಸೀರೆಯೊಂದನ್ನು ಮುದಿಯಾಗಿಸಲು ಇಡೀ ಓಣಿ ಟೊಂಕ ಕಟ್ಟಿತು. ಸಂಜೆ ಅವ್ವ ಕಟ್ಟೆಯ ಮೇಲಿಂದಲೇ ಸೆರಗು ಹಿಡಿದೆಳೆದು ಪರೀಕ್ಷೆ ಮಾಡುತ್ತಿದ್ದಳು.

"ಇನ್ನಾ ಬಿರುಸೈತಿ. ಇವತ್ತು ಬಗ್ಗಿ ಏನೂ ಕೆಲಸ ಮಾಡಿಲ್ಲೇನು ನೀನು?"

"ಸೀರಿ ಹಳೇದಾಗೋದರಾಗ ನಾನು ಹಳೇದಾಗ್ತೀನವ್ವಾ!"

ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದವರು ತಾವೂ ನೂಲಿನ ಸೀರೆ ತರಲು ಶುರುಮಾಡಿದರು. ಎಲ್ಲರೂ ಹೋಗುತ್ತಿದ್ದದ್ದು ಅಪ್ಪ ಕೆಲಸಕ್ಕಿದ್ದ ಬಟ್ಟೆ ಅಂಗಡಿಗೇ. ಸಾವ್ಕಾರರು ದುಡ್ಡಿನ ಗಲ್ಲೆಯ ಹತ್ತಿರದ ಶೆಲ್ಫ್ ಖಾಲಿ ಮಾಡಿಸಿ ಬರೀ ಕಾಟನ್ ಸೀರೆ ಜೋಡಿಸಿದರು. ಚೀಟಿಯವರ ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಹತ್ತಿಯ ಊರಿನಲ್ಲಿ ಹತ್ತಿಯ ಸೀರೆಗೆ ಒಂದು ಶೆಲ್ಫ್ ಸಿಕ್ಕಿತ್ತು. ಅದನ್ನು ಕೊಡಿಸಿದವಳು ಒಬ್ಬ ಮುದುಕಿ.

ಅಮ್ಮ ಮುಂದಿನ ಸಲ ತಂದ ಸೀರೆ ಎಷ್ಟು ಒಗೆದರೂ ಮೆತ್ತಗಾಗಲಿಲ್ಲ. ಅಮ್ಮನಿಗೆ ಅನುಮಾನ ಬಂದು ಅವ್ವನ ಮುಂದೆ ಹಿಡಿದಳು. ತಂಬಿಗೆಯ ನೀರು ಅರ್ಧ ಇಂಗಿತು, ಅರ್ಧ ಉರುಳಿತು. ಅವ್ವ ಸೂಜಿ ಸೆರಗಿಗೆ ಚುಚ್ಚಿಕೊಂಡು, ಚಪ್ಪಲಿ ಮೆಟ್ಟಿ, "ನಡೀರಿ" ಎಂದಳು. ಅಮ್ಮ, ಇನ್ನೊಂದು ನಾಲ್ಕು ಹೆಂಗಸರು, ಜೊತೆಗೆ ನಾನು.

ಅಂಗಡಿಯಲ್ಲಿ ಅಪ್ಪ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ನಮ್ಮನ್ನು ಕಂಡು ಕೈ ಅಲ್ಲೇ ನಿಂತಿತು. ಅವ್ವ ಆ ಶೆಲ್ಫಿನಿಂದ ತಾನೇ ಒಂದು ಸೀರೆ ಎಳೆದು, ಅಂಚಿನ ಒಂದು ನೂಲು ಕಿತ್ತು, ಗಲ್ಲೆಯ ಮೇಲೆ ಊದಿನಕಡ್ಡಿ ಹಚ್ಚಲು ಇಟ್ಟಿದ್ದ ಕಡ್ಡಿಪೆಟ್ಟಿಗೆಯಿಂದ ಕಡ್ಡಿ ಗೀರಿದಳು. ನೂಲಿಗೆ ಕಿಚ್ಚು ತಾಗಿದ್ದೇ ತಡ, ಅದು ಬೂದಿಯಾಗದೆ ಮುದುರಿ, ಕರಗಿ, ತುದಿಯಲ್ಲಿ ಕರಿ ಗುಂಡಾಯಿತು. ಅದನ್ನು ಸಾವ್ಕಾರರ ಮುಂದಿಟ್ಟಳು.

"ಮುಟ್ಟಿ ನೋಡ್ರಿ ಸಾವ್ಕಾರ್ರೇ. ಹತ್ತಿ ಸುಟ್ಟರ ಬೂದಿ ಆಕ್ಕತಿ. ಇದು ಕಲ್ಲಾಗೈತಿ."

"ಮಿಲ್ಲಿನಿಂದ ಹಂಗಾ ಬರ್ತೈತವ್ವಾ. ಪ್ಯೂರ್ ಕಾಟನ್ ಅಂತ ಅವರಾ ಬರೆದು ಕಳಿಸ್ತಾರ, ನಾನೇನು ಒಳಗ ಹೊಕ್ಕು ನೋಡಿದೀನೇನು?"

"ಹೊಕ್ಕು ನೋಡಬ್ಯಾಡ್ರಿ. ಇದನ್ನ ಹತ್ತಿ ಅಂತ ಮಾರಬ್ಯಾಡ್ರಿ, ಸಾಕು."

ಸಾವ್ಕಾರರು ಸಿಟ್ಟಾಗಲಿಲ್ಲ. ಅದೇ ಅವರ ಜಾಣತನ. ನಗುನಗುತ್ತಲೇ ಹಿಂದೆ ನಿಂತಿದ್ದ ಹೆಂಗಸರ ಕಡೆ ತಿರುಗಿದರು. "ಇಷ್ಟು ಮಂದಿ ಒಯ್ದೀರಲ್ಲಮ್ಮಾ, ಯಾರಿಗನ್ನಾ ತ್ರಾಸಾಗೈತೇನು?" ಒಬ್ಬಳು ಸೆರಗು ಸರಿಮಾಡಿಕೊಂಡಳು, ಒಬ್ಬಳು ಬೀದಿ ನೋಡಿದಳು. ಕಡೆಗೆ ಅವರು ಅಮ್ಮನನ್ನು ನೋಡಿ, "ನಮ್ಮ ಮನಿ ಮಗಳಿದ್ದಂಗ ನೀನು. ನೀ ಹೇಳು ತಾಯಿ, ಸೀರಿ ಹೆಂಗೈತಿ?" ಎಂದರು.

ಅಪ್ಪ ಅರ್ಧ ಮಡಿಸಿದ ಸೀರೆಯನ್ನು ಎದೆಗವಚಿ ನಿಂತಿದ್ದ. ಅಮ್ಮ ಅವನನ್ನೊಮ್ಮೆ ನೋಡಿದಳು.

"ಚಲೋ ಐತ್ರಿ."

ಅವ್ವ ಆ ಕರಿ ಗುಂಡನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿದಳು. ಮಾರನೆಯ ದಿನ ಅಮ್ಮ ಸರದಿಯಲ್ಲಿ ಮೆತ್ತಗಾಗಿದ್ದ ಆ ಮೊದಲಿನ ಎರಡು ಸೀರೆಗಳನ್ನು, ನಿಜವಾದ ನೂಲಿನವನ್ನು, ಒಯ್ದು ಕಟ್ಟೆಯ ಮೇಲಿಟ್ಟಳು. ಅವ್ವ ಅವನ್ನು ಮುಟ್ಟಲೂ ಇಲ್ಲ. "ಅಂಗಡ್ಯಾಗ ಚಲೋ ಐತಿ ಅಂದೆಲ್ಲ. ಅದನ್ನಾ ಹೊದಿಸು ಹೋಗು" ಎಂದಳು. ಅಮ್ಮ ಅತ್ತಳು. ಅವ್ವ ತಲೆಯೆತ್ತದೆ ಹೊಲಿಯುತ್ತಲೇ ಇದ್ದಳು. ನನ್ನ ತಮ್ಮ ಬೆಳೆದದ್ದು ಹುಲಿಯ ಚಿತ್ರವಿದ್ದ ಒಂದು ನುಣುಪು ಬ್ಲಾಂಕೆಟ್ಟಿನಲ್ಲಿ.

ಆಮೇಲೆ ಓಣಿ ಹಳೆಯ ದಾರಿಗೇ ಮರಳಿತು. ಶೆಲ್ಫಿನ ಮೇಲೆ ಕಾಟನ್ ಎಂಬ ಹೆಸರು ಹಾಗೇ ಉಳಿಯಿತು, ಸೀರೆಗಳು ಮಾತ್ರ ಮಿಶ್ರ ನೂಲಿನವು. ಅವ್ವನ ಕಟ್ಟೆಗೆ ಗಂಟು ತರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಬಂದವರಿಗೂ ಅದೇ ತಂಬಿಗೆ, ಅದೇ ಮಾತು. ಸ್ವಲ್ಪ ಬಗ್ಗಿದ್ದರೆ ಆಕೆಯ ಒಲೆ ಉರಿಯುತ್ತಿತ್ತು. ಬಗ್ಗಲಿಲ್ಲ. ಒಂದು ದಿನ ಹೊಳಗುಂದದಿಂದ ಆಕೆಯ ತಮ್ಮ ಬಂದು ಕರೆದುಕೊಂಡು ಹೋದ. ಹೋಗುವಾಗ ನನ್ನ ಗಲ್ಲ ಹಿಂಡಿ ಏನೋ ಅಂದಳು... ಏನು ಅಂದಳೋ, ಎಷ್ಟು ನೆನಸಿಕೊಂಡರೂ ಬರುತ್ತಿಲ್ಲ. ನಮ್ಮ ಮನೆಯ ಬಾಗಿಲ ಕಡೆ ಮಾತ್ರ ಆಕೆ ತಿರುಗಿ ನೋಡಲಿಲ್ಲ. ಆ ಬಾಗಿಲ ಹಿಂದೆ ಅಮ್ಮ ನಿಂತಿದ್ದಳು.

ಡಿಗ್ರಿಗೆ ಸೇರಿ ನಾಲಿಗೆ ಚೂಪಾದ ಮೇಲೆ ನಾನು ಅಮ್ಮನನ್ನು ಕಟಕಟೆಗೆ ನಿಲ್ಲಿಸಿದೆ. ಆ ದಿನ ಒಂದೇ ಒಂದು ಮಾತು ಆಡಿದ್ದರೆ? ನಿಮ್ಮಂಥವರು ಕೊಳ್ಳುವುದರಿಂದಲೇ ಅಲ್ಲವೇ ಅವರು ಮಾರುವುದು? ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ನೂಲಿನ ಸೀರಿಗೆ ದಿನಾ ಗಂಜಿ ಹಾಕಿ ಇಸ್ತ್ರಿ ಮಾಡೋರು ಯಾರು? ನೀನು ಮಾಡ್ತೀಯೇನು? ಈ ಸೀರಿ ಹಿಂಡಿ ಹಾಕಿದರ ತಾಸಿನ್ಯಾಗ ಒಣಗ್ತೈತಿ. ಮತ್ತ ನಿಮ್ಮಪ್ಪ ಅಲ್ಲೇ ನಿಂತಿದ್ದ. ಅದನ್ನ ನೀ ಮರೆತಿ, ನಾ ಮರೆತಿಲ್ಲ."

ನನಗೆ ರೇಗುವುದು ಇದಕ್ಕೇ. ಭೂಮಿ ಉಳಿಸುವ ಕೆಲಸ ಬಂದಾಗಲೆಲ್ಲ ಭಾಷಣದವರಿಗೆ ಹೆಂಗಸರ ನೆನಪಾಗುತ್ತದೆ. ಬಟ್ಟೆ ಆರಿಸುವವಳು ನೀನು, ಚೀಲ ಒಯ್ಯುವವಳು ನೀನು, ಮನೆ ನಡೆಸುವವಳು ನೀನು! ಗಂಜಿ ಹಾಕುವವಳೂ ಅವಳೇ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಗಂಡನ ಸಂಬಳ ಕೊಡುವವನ ಎದುರಿಗೆ ನಿಂತು ನಿನ್ನ ಸೀರೆ ಸುಳ್ಳು ಅನ್ನುವುದು ಹೇಗೆಂದೂ ಯಾರೂ ಕಲಿಸುವುದಿಲ್ಲ. ಸುಳ್ಳನ್ನು ನೇಯ್ದ ಮಿಲ್ಲಿನವನನ್ನು ಯಾವ ಚರ್ಚಾಸ್ಪರ್ಧೆಗೂ ಕರೆದದ್ದಿಲ್ಲ.

ಅವ್ವ ಹೋದ ಸುದ್ದಿ ಹೊಳಗುಂದದಿಂದ ಬಂದಾಗ ಮಣ್ಣೂ ಮುಗಿದಿತ್ತು. ಅಮ್ಮ ಸ್ಟೋವ್ ಆರಿಸಿ, ಅಡುಗೆ ಅರ್ಧಕ್ಕೇ ಬಿಟ್ಟಳು. ಅವ್ವ ಹೊಲಿದ ಕೌದಿ ನಮ್ಮ ಮನೆಯಲ್ಲಿ ಈಗ ಒಂದೂ ಇಲ್ಲ. ನನ್ನದು ಹರಿದು, ಒರೆಸುವ ಬಟ್ಟೆಯಾಗಿ, ಕಡೆಗೆ ಎಲ್ಲಿ ಹೋಯಿತೋ...

ಈಗ ಈ ಪೊಟ್ಟಣ. ಚೀಟಿಯಲ್ಲಿ ಆಕೆಯ ಹೆಸರೂ ಇಲ್ಲ, ಹೊಳಗುಂದವೂ ಇಲ್ಲ, ಕರಿ ಗುಂಡಂತೂ ಮೊದಲೇ ಇಲ್ಲ. ಚೀಟಿಯ 'ನಮ್ಮ ಅಂಗಡಿ' ಅದೇ ಸಾವ್ಕಾರರದ್ದು; ಅಪ್ಪ ಅದನ್ನು ಬಿಟ್ಟು ವರ್ಷಗಳಾದವು. ಈಗ ನಮಗೆ ಅವರ ಹಂಗೇನೂ ಉಳಿದಿಲ್ಲ. ಆದರೂ ಅಲ್ಲಿಂದಲೇ ಯಾಕೆ ತಂದೆ ಎಂದು ಕೇಳಿದೆ.

"ಆಕಿ ಕಥಿ ಬರದಾರ ನೋಡು. ಆಕಿ ನೆನಪಿಗಾದರೂ ಒಂದು ಕೌದಿ ಮನ್ಯಾಗ ಇರಲಿ ಅಂತ ತಂದೆ" ಎಂದಳು ಅಮ್ಮ. ಆದರೆ ಆ ಬಕೆಟ್ಟಿನ ವಾಸನೆ ನನ್ನ ಮೂಗಿನಲ್ಲೇ ಇತ್ತು. ಅಕ್ಕನ ಮಗು ಬರೀ ಮೈಯಲ್ಲಿ ಚಾಪೆಯ ಮೇಲೆ ಕೈಕಾಲು ಬಡಿಯುತ್ತಿತ್ತು. ನಾನು ಕೌದಿಯ ಅಂಚಿನಿಂದ ಒಂದು ನೂಲು ಎಳೆದು, ಒಲೆಯ ಪಕ್ಕದ ಕಡ್ಡಿಪೆಟ್ಟಿಗೆಗೆ ಕೈ ಚಾಚಿದೆ. ಅಮ್ಮ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು.

"ಹಚ್ಚಬ್ಯಾಡ."

"ಯಾಕ?"

"ಹಚ್ಚಬ್ಯಾಡ ಅಂದೆ. ಸುಮ್ಕಿರು."

ಅಮ್ಮ ಕೈ ಬಿಡಲಿಲ್ಲ. ನೂಲು ನನ್ನ ಬೆರಳಿನಲ್ಲೇ ಇತ್ತು.

"ಅಮ್ಮಾ, ಹಚ್ಚಿದರ ಇದು ಬೂದಿ ಆಗಂಗಿಲ್ಲ ಅಂತ ತರೋಕ ಮೊದಲಾ ನಿನಿಗೆ ಗೊತ್ತಿತ್ತೇನು?"