ಓನರ್ ನಂಬದ ಗ್ರಾಫಿಕ್ಸ್ ಕಾರ್ಡು

ಅವರ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಷ್ಟು ದಪ್ಪ. ಯಾವ ವಸ್ತುವಿನ ಮೇಲೆ ಸ್ಟಿಕ್ಕರ್ ಕಂಡರೂ ಮೊದಲು ಅದರ ಮೂಲೆಯನ್ನು ಆ ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದರು, ಕೆಳಗೆ ಬೇರೆ ಬೆಲೆಯೋ ಬೇರೆ ತಾರೀಖೋ ಇರಬಹುದೆಂದು. ಒಮ್ಮೆ ನಿಜವಾಗಿಯೂ ಇತ್ತಂತೆ. ಆ ಒಂದು ಸಲ ಸಾಕಾಯಿತು ಅವರಿಗೆ, ಉಳಿದ ಆಯುಷ್ಯಕ್ಕೆಲ್ಲ.

ಮೂಡಲಪಾಳ್ಯದಲ್ಲಿ ಅವರ ಮನೆಯ ಮಹಡಿಯ ಮೇಲಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಹಾಗಾಗಿ ಅವರು ನನಗೆ ಓನರು, ಅವರ ಹೆಂಡತಿ ಓನರ್ ಆಂಟಿ. ನಾನಾಗ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಅವರ ಬಾಯಲ್ಲಿ ನನ್ನ ಹೆಸರು ‘ಎಮ್ಮೆಸ್ಸಿ’. ಹಳೇ ಊರಿನ ರಾಗಿ ಹೊಲದ ಮನೆತನ ಅವರದು. ಹೊಲ ಲೇಔಟಾದಾಗ ಚೈನು ಹಿಡಿದವರು ಸರಿಯಾಗಿ ಅಳೆಯಲಿಲ್ಲ ಎಂಬ ದೂರು ಅವರ ಮನಸ್ಸಿನಿಂದ ಹೋಗಿರಲಿಲ್ಲ. “ಅಳೆಯೋನು ಯಾರ ಕಡೆಯೋನು ಅಂತ ಮೊದ್ಲು ನೋಡ್ಕೋ. ಅಳತೆ ಆಮೇಲೆ ನೋಡುವಂತೆ” ಅನ್ನುತ್ತಿದ್ದರು. ನನ್ನ ಯಾವ ಪಠ್ಯಪುಸ್ತಕದಲ್ಲೂ ಈ ಮಾತು ಇರಲಿಲ್ಲ. ಇರಬೇಕಿತ್ತು.

ಮನೆಯ ಕೆಳಗಿನ ಮಳಿಗೆಯಲ್ಲಿ ಅವರೊಂದು ಗೇಮ್ ಸೆಂಟರ್ ಇಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ಹುಡುಗರು ಬಂದು ಕಾರ್ ರೇಸು ಆಡುತ್ತಿದ್ದರು. ಆ ವರ್ಷ ಬಂದ ಹೊಸ ಆಟ ಅಲ್ಲಿನ ಹಳೇ ಗ್ರಾಫಿಕ್ಸ್ ಕಾರ್ಡುಗಳಿಗೆ ಭಾರವಾಯಿತು. “ಅಂಕಲ್, ತಿರುವಿನಲ್ಲಿ ಕಾರು ಸ್ಟ್ರಕ್ ಆಗುತ್ತೆ. ಚಂದ್ರಾ ಲೇಔಟಲ್ಲಿ ಹೊಸ ಕಾರ್ಡ್ ಹಾಕವ್ರೆ, ಬೆಣ್ಣೆ ಥರ ಹೋಗುತ್ತೆ” ಎನ್ನುತ್ತ ಒಬ್ಬೊಬ್ಬನಾಗಿ ಆ ಕಡೆ ಜಾರತೊಡಗಿದರು.

ಓನರು ನನ್ನನ್ನು ಕೆಳಗೆ ಕರೆದರು. ನಾನು ಪತ್ರಿಕೆಗಳನ್ನು ತಿರುವಿ, ಇಂಟರ್ನೆಟ್ಟಿನಲ್ಲಿ ಹುಡುಕಿ, ಹಳೆಯದನ್ನೂ ಹೊಸವನ್ನೂ ಹೋಲಿಸಿ ನೋಡಿದೆ. ಹಳೇ ಕಾರ್ಡಿನಲ್ಲಿ ಅರವತ್ತನಾಲ್ಕು ಎಂಬಿ ಮೆಮೊರಿ. ಹೊಸದರಲ್ಲಿ ಎರಡು ಬಗೆ: ನೂರಿಪ್ಪತ್ತೆಂಟರದೊಂದು, ಇನ್ನೂರೈವತ್ತಾರರದೊಂದು. ಚಿಕ್ಕದೇ ಒಳ್ಳೆಯದು ಎಂದೆ, ಅದು ಸಿಗುವ ಅಂಗಡಿಯ ಹೆಸರನ್ನೂ ಹೇಳಿದೆ. ದೊಡ್ಡದರಲ್ಲಿ ಮೆಮೊರಿಯಿಂದ ಚಿಪ್ಪಿಗೆ ಹೋಗುವ ದಾರಿ ಅರ್ಧದಷ್ಟೇ ಅಗಲ. “ಸಂಪು ದೊಡ್ಡದು, ಪೈಪು ಸಣ್ಣದು” ಎಂದು ವಿವರಿಸಿದೆ.

ಅವರು ಎಡಗಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. “ಇನ್ನೂರೈವತ್ತಾರು ಬಿಟ್ಟು ನೂರಿಪ್ಪತ್ತೆಂಟು ತಗೋ ಅಂತೀಯಲ್ಲಪ್ಪಾ, ಆ ಅಂಗಡಿಯೋನು ನಿಂಗೇನಾಗ್ಬೇಕು?”

ಆ ಅಂಗಡಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವರು ಡಬ್ಬಿಯ ಸ್ಟಿಕ್ಕರ್ ಕೆರೆಯುತ್ತ ಕೌಂಟರಿನ ಬಳಿ ನಿಂತರು. ಅಂಗಡಿಯವನು ನನ್ನನ್ನು “ಬನ್ನಿ ಸಾರ್” ಎಂದು ಒಳಗೆ ಕೂರಿಸಿ ಕಾಫಿ ತರಿಸಿದ. ಎರಡು ಲೋಟ ಬಂದಿತ್ತು, ಓನರು ಬೇಡವೆಂದರು ಎಂಬುದು ನನ್ನ ನೆನಪು. ಬಂದದ್ದು ಒಂದೇ ಲೋಟ ಎಂಬುದು ಅವರ ನೆನಪು. ನೂರಿಪ್ಪತ್ತೆಂಟರ ಒಂದು ಕಾರ್ಡು ಕೊಂಡು ವಾಪಸು ಬರುವಾಗ ಬಿನ್ನಿಪೇಟೆ ದಾಟಿದ ಮೇಲೆ ಕೇಳಿದರು: “ನಿಂಗೊಬ್ಬನಿಗೇ ಯಾಕಯ್ಯಾ ಕಾಫಿ ಕೊಟ್ಟ?”

ಅಂದು ಸಂಜೆ ನನಗೆ ಕೇಳುವಂತೆಯೇ ಆಂಟಿಗೆ ಹೇಳಿದರು: “ಕಮಿಷನ್ ಹೊಡೆಯೋ ಹುಡುಗ್ರಿಗೆ ನಾವ್ಯಾಕೆ ರೂಮು ಕೊಡ್ಬೇಕು?”

ರೂಮು ಹೋದರೆ ಸುಂಕದಕಟ್ಟೆಯಲ್ಲಿ ಇನ್ನೊಂದು ಸಿಗುತ್ತಿತ್ತು. ಕಳ್ಳ ಎನಿಸಿಕೊಂಡು ಮೆಟ್ಟಿಲಿಳಿಯುವುದು ನನ್ನಿಂದಾಗುತ್ತಿರಲಿಲ್ಲ. “ಪರೀಕ್ಷೆ ಮಾಡೋಣ ಅಂಕಲ್” ಎಂದೆ.

ಪರೀಕ್ಷೆಯ ಕ್ರಮ ಮಾತ್ರ ಅವರದೇ. ಹೊಸ ಬಿತ್ತನೆ ರಾಗಿ ತಂದಾಗ ಪಕ್ಕದ ಸಾಲಿಗೆ ಹಳೇ ಬೀಜವನ್ನೇ ಹಾಕುತ್ತಿದ್ದರಂತೆ. ಹಾಗೆಯೇ ಎರಡು ಕಂಪ್ಯೂಟರುಗಳನ್ನು ಒತ್ತಾಗಿ ಇರಿಸಿ, ಒಂದಕ್ಕೆ ಹಳೇ ಕಾರ್ಡು, ಇನ್ನೊಂದಕ್ಕೆ ಹೊಸದು ಹಾಕಿಸಿದರು. ಅದೇ ಆಟ, ಅದೇ ರಸ್ತೆ. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂಬ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಹೊಸದು ಹಳೆಯದರ ಎರಡು ಪಟ್ಟು ಮುಟ್ಟಿತು. ನಾನು ಗೆದ್ದವನಂತೆ ಅವರ ಮುಖ ನೋಡಿದೆ. ಅವರು ಸಂಖ್ಯೆಯ ಕಡೆ ನೋಡಿರಲೇ ಇಲ್ಲ.

“ಅಲ್ಲಿ ನಿಲ್ಸು. ಇದ್ರಲ್ಲಿ ಗುಡ್ಡದ ಹಿಂದೆ ಮರ ಅವೆ. ಅದ್ರಲ್ಲಿ ಎಲ್ಲಿ?”

ಹೊಸದರಲ್ಲಿ ಗುಡ್ಡದ ಹಿಂದೆ ಬರೀ ಮಂಜು. ಸೆಟ್ಟಿಂಗ್ ತೆರೆದು ನೋಡಿದೆ; ಎರಡರಲ್ಲೂ ಒಂದೇ ಇತ್ತು.

“ಮಂತ್ರ ನುಂಗ್ಕೊಂಡು ಬೇಗ ಧಾರೆ ಮುಗಿಸೋ ಪುರೋಹಿತ್ರು ನೋಡಿದೀಯಾ?” ಎಂದರು ಓನರು. “ಓಡ್ತಾ ಇಲ್ಲ ಇದು. ಕೆಲ್ಸ ಬಿಡ್ತಾ ಐತೆ.”

ಕಾರ್ಡನ್ನು ನಡೆಸುವ ತಂತ್ರಾಂಶದ ಮೇಲೆ ನನಗೆ ಗುಮಾನಿ ಬಂತು. ಇಂಟರ್ನೆಟ್ಟಿನಿಂದ ಇಳಿಸಿ ಹಾಕಿದ್ದ ಹೊಸ ಆವೃತ್ತಿಯನ್ನು ಕಿತ್ತು, ಡಬ್ಬಿಯ ಸೀಡಿಯಲ್ಲಿದ್ದ ಹಿಂದಿನ ಆವೃತ್ತಿ ಹಾಕಿದೆ. ಮರಗಳು ಬಂದವು, ಸಂಖ್ಯೆ ಇಳಿಯಿತು. ಆದರೂ ಹಳೆಯದಕ್ಕಿಂತ ಮೇಲೇ ಇತ್ತು; ಡಬ್ಬಿ ಬಡಾಯಿ ಕೊಚ್ಚಿದಷ್ಟಲ್ಲ, ಅವರು ಅನುಮಾನಿಸಿದಷ್ಟು ಕಡಿಮೆಯೂ ಅಲ್ಲ. ತಿರುವಿನಲ್ಲಿ ಕಾರು ನಿಲ್ಲಲಿಲ್ಲ. ಅದೇ ಕಾರ್ಡನ್ನು ಎಲ್ಲ ಕಂಪ್ಯೂಟರಿಗೂ ಹಾಕಿಸಿದರು. ಹುಡುಗರು ವಾಪಸು ಬಂದರು. ರೂಮಿನ ಮಾತು ಮತ್ತೆ ಎತ್ತಲಿಲ್ಲ. ಬೆನ್ನು ತಟ್ಟಿ ಹೇಳಿದ್ದಿಷ್ಟು: “ಒಳ್ಳೆ ಹುಡುಗ ಕಣಯ್ಯಾ ನೀನು. ಕಾಫಿ ವಿಷ್ಯ ಬೇರೆ.”

ಇದೆಲ್ಲ ಹೀಗೇ ನಡೆಯಿತೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಕೆಲವು ವರ್ಷಗಳ ನಂತರ ಯಾರೋ ಆ ಆಟವನ್ನು ಆಡಿ ಇಂಟರ್ನೆಟ್ಟಿಗೆ ಹಾಕಿದ್ದ ವಿಡಿಯೋ ಸಿಕ್ಕಿತು. ಆ ತಿರುವಿನ ಗುಡ್ಡದ ಹಿಂದೆ ಇದ್ದದ್ದು ಲೈಟು ಕಂಬಗಳು. ಮರ ಒಂದೂ ಇಲ್ಲ. ‘ಮರ’ ಎಂದದ್ದು ಅವರೋ, ನಾನು ಹಾಗೆ ಮಾಡಿಕೊಂಡೆನೋ? ಮರವನ್ನೇ ತಪ್ಪಿದ ನೆನಪು ಎರಡು ಲೋಟವನ್ನು ಸರಿಯಾಗಿ ಇಟ್ಟುಕೊಂಡಿದೆ ಅಂತ ಯಾವ ನಂಬಿಕೆ? ಕಾಫಿಯ ಜೊತೆ ಅಂಗಡಿಯವನು ಇನ್ನೇನಾದರೂ ಕೊಟ್ಟನೇ? ಇಲ್ಲ ಅನ್ನುತ್ತೇನೆ. ಅಷ್ಟು ಜೋರಾಗಿ ಅನ್ನುವುದಿಲ್ಲ.

ನಾನು ಕೆಲಸ ಸಿಕ್ಕಿ ಬಸವೇಶ್ವರನಗರಕ್ಕೆ ಮನೆ ಬದಲಿಸಿದ ಮೇಲೂ ಅವರ ಫೋನು ಬರುತ್ತಿತ್ತು. ಫ್ರಿಜ್ಜು, ಯುಪಿಎಸ್ಸು, ಮೊಮ್ಮಗಳ ಮೊಬೈಲು, ಏನು ಕೊಳ್ಳಬೇಕಾದರೂ ಹಳೇ ಮಾದರಿಯೋ ಹೊಸದೋ ಎಂದು ಕೇಳುತ್ತಿದ್ದರು. ಶುರುವಿಗೇ ಒಂದು ಷರತ್ತು: “ಯಾವುದು ಅಂತ ಮಾತ್ರ ಹೇಳು ಎಮ್ಮೆಸ್ಸಿ. ಅಂಗಡಿ ಹೆಸ್ರು ಹೇಳ್ಬೇಡ.” ಈಗ ಸಂಖ್ಯೆಗಳೇ ನನ್ನ ಅನ್ನ. ಯಾರಾದರೂ ದೊಡ್ಡ ಸಂಖ್ಯೆ ತಂದು ಮುಂದಿಟ್ಟರೆ ಅದಕ್ಕಾಗಿ ಏನನ್ನು ಬಿಟ್ಟಿದ್ದಾರೆಂದು ಮೊದಲು ಹುಡುಕುತ್ತೇನೆ. ಈ ಚಾಳಿ ಯೂನಿವರ್ಸಿಟಿ ಕೊಟ್ಟದ್ದಲ್ಲ.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ತಿಥಿಯ ದಿನ ಹೋದೆ. ಆಂಟಿ ಎಲೆಯ ಮುಂದೆ ಕೂರಿಸಿ, ಪಕ್ಕದಲ್ಲಿ ನಿಂತು ಬಡಿಸುತ್ತ ಹೇಳಿದರು: “ನಿನ್ ಮೇಲಿನ ಅನುಮಾನ ಕೊನೇವರ್ಗೂ ಹೋಗ್ಲಿಲ್ಲ ಕಣಪ್ಪಾ ಅವ್ರಿಗೆ. ಎಮ್ಮೆಸ್ಸಿ ಕಮಿಷನ್ ಹೊಡೆದವ್ನೆ ಅಂತಾನೇ ಅನ್ನೋರು.”

“ಹಾಗಿದ್ರೆ ಎಲ್ಲಕ್ಕೂ ನನ್ನನ್ನೇ ಯಾಕೆ ಆಂಟಿ ಕೇಳ್ತಿದ್ರು?”

“ನಾನೂ ಅದನ್ನೇ ಕೇಳ್ದೆ. ಬೇರೆಯೋರು ಹೊಡೆದ್ರೆ ಗೊತ್ತಾಗಲ್ಲ ಕಣೇ, ಅವನದಾದ್ರೆ ನಂಗೆ ಗೊತ್ತಾಗುತ್ತೆ ಅಂದ್ರು.”

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆಂಟಿ ಮುಂದಿನ ಎಲೆಗೆ ಹೋದರು. ಓನರಿಗೆ ಗೊತ್ತಾಗಿದ್ದು ಏನು ಎಂದು ಆಂಟಿಯನ್ನು ಕರೆದು ಕೇಳಬಹುದಿತ್ತು. ಕೇಳಲಿಲ್ಲ.